ಹನ್ನೆರಡು ಸೈಕಲ್ ಚೈನು, 21 ಅಂಕಿಯ ಒಂದು ಸಂಖ್ಯೆ

ಬೆಟಗೇರಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಹಿಂದಿನ ಗೋಡೆಯ ಮೇಲೆ ಮೂರು ತಿಂಗಳಿನಿಂದ ಸೀಮೆಸುಣ್ಣದಲ್ಲಿ ಬರೆದ ಒಂದು ಸಂಖ್ಯೆ ಇದೆ: 147573952589676412927. ಪಂಪ್ ರಿಪೇರಿಗೆ ಬಂದ ರೈತರೊಬ್ಬರು ಅದನ್ನು ನೋಡಿ, "ಇದ್ಯಾರ ಸಾಲದ ಲೆಕ್ಕಾರೀ?" ಎಂದು ಕೇಳಿದ್ದರು.

ಸಾಲ ಅಲ್ಲ. 1ನ್ನು 67 ಸಲ ದುಪ್ಪಟ್ಟು ಮಾಡಿ, ಬಂದದ್ದರಲ್ಲಿ 1 ಕಳೆದರೆ ಸಿಗುವ ಸಂಖ್ಯೆ ಅದು. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು, ಎಂದು ಬರೆದಿಟ್ಟ. 1876ರಲ್ಲಿ ಫ್ರಾನ್ಸಿನದೇ ಗಣಿತಜ್ಞ ಲ್ಯೂಕಾಸ್ ಅದು ಸುಳ್ಳು ಎಂದು ತೋರಿಸಿದ. ಆದರೆ ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. ಉತ್ತರ ಬಂದದ್ದು 1903ರ ಅಕ್ಟೋಬರ್ 31ಕ್ಕೆ. ನ್ಯೂಯಾರ್ಕಿನ ಗಣಿತ ಸಭೆಯಲ್ಲಿ ಕೋಲ್ ಎಂಬ ಪ್ರೊಫೆಸರ್ ಮಾತೇ ಆಡದೆ ಬೋರ್ಡಿನ ಒಂದು ಕಡೆ ಈ ಸಂಖ್ಯೆ ಬರೆದ, ಇನ್ನೊಂದು ಕಡೆ ಎರಡು ಸಂಖ್ಯೆ ಗುಣಿಸಿದ. ಎರಡೂ ಒಂದೇ ಬಂತು. ಚಪ್ಪಾಳೆ ಬಿತ್ತು, ಅವನು ಹೋಗಿ ಕೂತ. ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವು ಎಂದು ಅವನು ಹೇಳಿದ್ದನೆಂಬ ಕಥೆಯೂ ಇದೆ.

ಅಪವರ್ತನ, ಅಂದರೆ ಗುಣಿಸುವ ಆ ಸಂಖ್ಯೆಗಳು, ಗೊತ್ತಿಲ್ಲದೆ ಒಂದು ಸಂಖ್ಯೆ ಸಂಯುಕ್ತ (ಅವಿಭಾಜ್ಯ ಅಲ್ಲದ್ದು) ಅಂತ ಹೇಳುವುದು ಹೇಗೆ? ನನಗೂ ಮೊದಲು ಇದು ಮೋಸ ಅನಿಸಿತ್ತು. ಲೆಕ್ಕ ಹೀಗಿದೆ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. 4, 14, 194 ಹೀಗೆ. 65 ಸಲ ಮಾಡಿದ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ನಮ್ಮದಕ್ಕೆ ಸೊನ್ನೆ ಬರುವುದಿಲ್ಲ. ಅಷ್ಟೇ ಗೊತ್ತಾಗುತ್ತದೆ, ಮತ್ತೇನೂ ಗೊತ್ತಾಗುವುದಿಲ್ಲ. ಇವತ್ತಿಗೂ ಹೀಗೆ ಅರ್ಧ ಗೊತ್ತಿರುವ ಸಂಖ್ಯೆಗಳಿವೆ. 1ನ್ನು 10,48,576 ಸಲ ದುಪ್ಪಟ್ಟು ಮಾಡಿ 1 ಕೂಡಿಸಿದರೆ 3,15,653 ಅಂಕಿಯ ಸಂಖ್ಯೆ ಬರುತ್ತದೆ. ಅದು ಸಂಯುಕ್ತ ಅಂತ 1987ರಲ್ಲೇ ಗೊತ್ತಾಗಿದೆ. ಅದರ ಒಂದೇ ಒಂದು ಅಪವರ್ತನವೂ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಈ 4, 14, 194ರ ಲೆಕ್ಕವನ್ನು ಈಗಿನ ಸರಳ ರೂಪಕ್ಕೆ ತಂದವನು ಅಮೆರಿಕದ ಗಣಿತಜ್ಞ ಡಿ.ಎಚ್. ಲೆಹ್ಮರ್. 1926ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಸಂಖ್ಯೆ ಒಡೆಯಲು ಅವನು ಸೈಕಲ್ ಚೈನುಗಳಿಂದ ಒಂದು ಯಂತ್ರ ಕಟ್ಟಿದ್ದ. ಇದನ್ನು ಓದಿದ ದಿನವೇ ನನಗೆ ಹುಳ ಹೊಕ್ಕಿತು. ಚೈನು, ಮೋಟರ್, ಸ್ವಿಚ್ಚು. ಮೂರೂ ನನ್ನ ಅಂಗಡಿಯಲ್ಲಿ ಬಿದ್ದಿರುವ ಸಾಮಾನೇ ಅಲ್ವಾ?

ಬಿಲ್ಲಿನ ಹಿಂದೆ ಮಾಡಿದ ಲೆಕ್ಕ

ಯಂತ್ರಕ್ಕೆ ಕೈ ಹಾಕುವ ಮೊದಲು ಉಪಾಯ ಅರ್ಥವಾಗಬೇಕಿತ್ತು. ಅಣ್ಣನ ಮಗಳು ಪಿಯುಸಿ ಓದುತ್ತಾಳೆ. ಅವಳನ್ನು ಕೂರಿಸಿಕೊಂಡು, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು, ತಾಮ್ರದ ತಂತಿಯ ಬಿಲ್ಲಿನ ಹಿಂದೆ ಬರೆಯಲು ಶುರು ಮಾಡಿದೆ.

ಎರಡು ಬೆಸ ಸಂಖ್ಯೆಗಳ ನಡುವೆ ಸರಿಯಾಗಿ ಮಧ್ಯದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನು ನಡು ಎನ್ನೋಣ. ಅಲ್ಲಿಂದ ಎರಡೂ ಕಡೆ ಸಮ ದೂರ. ಆ ಎರಡನ್ನು ಗುಣಿಸಿದರೆ ನಡುವಿನ ವರ್ಗದಲ್ಲಿ ದೂರದ ವರ್ಗ ಕಳೆದಷ್ಟು ಬರುತ್ತದೆ. 7 ಮತ್ತು 13 ತೊಗೊಳ್ಳಿ. ನಡು 10, ದೂರ 3, 100ರಲ್ಲಿ 9 ಹೋದರೆ 91. ಅಂದರೆ ಸಂಖ್ಯೆ ಒಡೆಯಬೇಕಾದರೆ ನಡು ಹುಡುಕಿದರೆ ಸಾಕು. ನಡುವಿನ ವರ್ಗದಲ್ಲಿ ನಮ್ಮ ಸಂಖ್ಯೆ ಕಳೆದಾಗ ಉಳಿಯುವುದು ಪೂರ್ಣ ವರ್ಗ ಆಗಿರಬೇಕು. ಇದು ಫ್ರಾನ್ಸಿನ ಗಣಿತಜ್ಞ ಫರ್ಮಾನ ಹಳೆಯ ವಿಧಾನ.

ಪರೀಕ್ಷೆಗೆ 8616460799 ತೊಗೊಂಡೆವು. 1874ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಈ ಸಂಖ್ಯೆ ಕೊಟ್ಟು, ಇದರ ಅಪವರ್ತನ ನನ್ನೊಬ್ಬನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದಿದ್ದ. ಇದರ ವರ್ಗಮೂಲ 92824.9ರ ಹತ್ತಿರ. ಹಾಗಾಗಿ ನಡು 92825 ಅಥವಾ ಅದಕ್ಕಿಂತ ಜಾಸ್ತಿ. ಒಂದೊಂದಾಗಿ ನೋಡುತ್ತ ಹೋಗಬಹುದು. ಆದರೆ ಸುಮ್ನೆ ಯಾಕೆ? 3ರಿಂದ ಭಾಗಿಸಿದರೆ ಯಾವ ವರ್ಗಕ್ಕೂ ಶೇಷ 0 ಅಥವಾ 1 ಬರುತ್ತದೆ, 2 ಬರುವುದೇ ಇಲ್ಲ. ಜೆವನ್ಸ್ ಸಂಖ್ಯೆಗೆ ಶೇಷ 2. ನಡುವಿನ ವರ್ಗಕ್ಕೆ ಶೇಷ 1 ಆದರೆ ಕಳೆದಾಗ 2 ಉಳಿಯುತ್ತದೆ, ಅದು ವರ್ಗ ಅಲ್ಲ. ಹಾಗಾದರೆ ನಡು 3ರಿಂದ ಭಾಗವಾಗಲೇಬೇಕು. ಇದೇ ಲೆಕ್ಕವನ್ನು 8ರ ಮೇಲೆ ಮಾಡಿದರೆ ನಡು 4ರಿಂದಲೂ ಭಾಗವಾಗಬೇಕು. ಎರಡೂ ಸೇರಿ 12ರ ಮಗ್ಗಿ. 5ರ ಮೇಲೆ ಮಾಡಿದರೆ ಶೇಷ 0, 2, 3 ಮಾತ್ರ ನಡೆಯುತ್ತದೆ.

92825ರಿಂದ ಮುಂದೆ ಇಷ್ಟೂ ಜರಡಿ ದಾಟಿ ಬರುವವು 92832, 92868, 92880. ಮೊದಲನೆಯದು ಆಗಲಿಲ್ಲ. ಎರಡನೆಯದೂ ಆಗಲಿಲ್ಲ. ಮೂರನೆಯದರಲ್ಲಿ ಉಳಿದದ್ದು 10233601, ಅಂದರೆ 3199ರ ವರ್ಗ. ಉತ್ತರ 89681 ಮತ್ತು 96079. ಭಜಿ ಇನ್ನೂ ಬಿಸಿಯಾಗೇ ಇತ್ತು.

"ಕಾಕಾ, ಇದಕ್ಕ ಯಂತ್ರ ಯಾಕ ಬೇಕು?" ಅಂದಳು. ಗೋಡೆ ತೋರಿಸಿದೆ.

ಗೋಡೆಯ ಸಂಖ್ಯೆಯ ಗುಣ

ಅದರ ವರ್ಗಮೂಲ ಸುಮಾರು 1,214 ಕೋಟಿ 80 ಲಕ್ಷ. ಕೋಲ್‌ನ ಉತ್ತರ ನಮಗೆ ಮೊದಲೇ ಗೊತ್ತಿದ್ದರಿಂದ ನಡು ಎಲ್ಲಿದೆ ಅಂತಲೂ ಗೊತ್ತಿತ್ತು. ಅಲ್ಲಿಂದ ಸುಮಾರು 36,886 ಕೋಟಿ ಹೆಜ್ಜೆ ಆಚೆ. ನನ್ನ ಚೈನು ಸೆಕೆಂಡಿಗೆ ಐದು ಕೊಂಡಿ ಓಡಬಹುದು ಎಂದು ಅಂದಾಜು ಮಾಡಿದ್ದೆ. ಆ ಲೆಕ್ಕದಲ್ಲಿ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಬೇಕು. ಲಕ್ಕುಂಡಿಯ ಗುಡಿಗಳಿಗೂ ಅಷ್ಟು ವಯಸ್ಸಾಗಿಲ್ಲ.

ಇಲ್ಲಿ ಕೈ ಹಿಡಿದದ್ದು ಆ ಸಂಖ್ಯೆಯ ಹುಟ್ಟುಗುಣ. ಅದನ್ನು ಭಾಗಿಸುವ ಯಾವುದೇ ಸಂಖ್ಯೆಯನ್ನು 67ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಇದು ಫರ್ಮಾನ ಕಾಲದಿಂದ ಗೊತ್ತಿರುವ ಮಾತು. ಹಾಗಾದರೆ ಎರಡು ಅಪವರ್ತನಗಳಿಂದಲೂ 1 ಕಳೆದು ಗುಣಿಸಿದರೆ 67ರ ವರ್ಗ 4489ರಿಂದ ಸರಿಯಾಗಿ ಭಾಗವಾಗುತ್ತದೆ. ಆ ಗುಣಾಕಾರ ಬಿಡಿಸಿ ಬರೆದರೆ ಏನಿದೆ? ನಮ್ಮ ಸಂಖ್ಯೆ, ಅದರಲ್ಲಿ ಅಪವರ್ತನಗಳ ಮೊತ್ತ ಕಳೆದು, 1 ಕೂಡಿಸಿದ್ದು. ಅಂದರೆ ಅಪವರ್ತನ ಗೊತ್ತಿಲ್ಲದಿದ್ದರೂ ಅವುಗಳ ಮೊತ್ತದ ಶೇಷ ಗೊತ್ತಾಗಿಬಿಡುತ್ತದೆ! ಮೊತ್ತದ ಅರ್ಧವೇ ನಡು. ಲೆಕ್ಕ ಹಾಕಿದರೆ ನಡುವನ್ನು 4489ರಿಂದ ಭಾಗಿಸಿದಾಗ ಶೇಷ 671. ಈ ಸಾಲು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಗುಣ 8ರದ್ದು. ಇದರ ಅಪವರ್ತನಗಳನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7, ಬೇರೆ ಆಗುವಂತಿಲ್ಲ. ನಮ್ಮ ಸಂಖ್ಯೆಗೆ ಶೇಷ 7, ಆದ್ದರಿಂದ ಒಂದು ಅಪವರ್ತನಕ್ಕೆ 1, ಇನ್ನೊಂದಕ್ಕೆ 7. 16ರ ಮೇಲೂ ನೋಡಿದರೆ ಜೋಡಿ 1 ಮತ್ತು 15, ಇಲ್ಲವೇ 9 ಮತ್ತು 7. ಹೇಗೆ ಕೂಡಿಸಿದರೂ ಮೊತ್ತ 16ರಿಂದ ಭಾಗವಾಗುತ್ತದೆ. ಹಾಗಾಗಿ ನಡು 8ರ ಮಗ್ಗಿಯಲ್ಲಿದೆ.

ಎರಡೂ ಸೇರಿಸಿದರೆ ಪ್ರತಿ 35,912 ಸಂಖ್ಯೆಗೆ ಒಂದನ್ನು ನೋಡಿದರೆ ಸಾಕು. 36,886 ಕೋಟಿ ಹೋಗಿ 1 ಕೋಟಿ 2 ಲಕ್ಷ 71 ಸಾವಿರ ಆಯಿತು. ಮೇಲೆ 27 ಮತ್ತು 5ರ ಜರಡಿ. 27ರಿಂದ ಭಾಗಿಸಿದರೆ ನಡುವಿಗೆ ಶೇಷ 8, 10, 17, 19 ಮಾತ್ರ ನಡೆಯುತ್ತದೆ. 5ರಿಂದ 1 ಮತ್ತು 4. ಪ್ರತಿ ಜೋಡಿ ಶೇಷಕ್ಕೆ ಯಂತ್ರದ್ದೊಂದು ಓಟ, ನಾಲ್ಕು ಎರಡಲೆ ಎಂಟು ಓಟ. ಪ್ರತಿ ಓಟದಲ್ಲಿ 48,48,120 ಸಂಖ್ಯೆಗೆ ಒಂದು ಹೆಜ್ಜೆ, ಓಟಕ್ಕೆ ಸುಮಾರು 76 ಸಾವಿರ ಹೆಜ್ಜೆ. ಎಂಟೂ ಸೇರಿ ಆರು ಲಕ್ಷದ ಆಸುಪಾಸು. ಇದು ಸೈಕಲ್ ಚೈನಿಗೆ ಎಟುಕುವ ಮಾತು.

ಚೈನು ಕಡಿಯುವ ಕೆಲಸ

ಯಂತ್ರದ ತಿರುಳು ಇಷ್ಟು. 11 ಕೊಂಡಿಯ ಚೈನು ಸುತ್ತುತ್ತಿದ್ದರೆ ಅದು 11ರ ಶೇಷ ಎಣಿಸುತ್ತಿರುತ್ತದೆ. ನಡೆಯುವ ಶೇಷದ ಕೊಂಡಿಗೆ ಒಂದು ಉಬ್ಬು. 13ರದ್ದು, 17ರದ್ದು ಪಕ್ಕದಲ್ಲೇ, ಎಲ್ಲ ಒಂದೇ ಶಾಫ್ಟಿನ ಮೇಲೆ. ಎಲ್ಲ ಚೈನಿನ ಉಬ್ಬು ಒಂದೇ ಸಲ ಮೇಲೆ ಬಂದ ಜಾಗದಲ್ಲಿ ನಡು ಇರಬಹುದು.

ಆದರೆ 11 ಕೊಂಡಿಯ ಚೈನು ಮಾಡಲು ಆಗುವುದಿಲ್ಲ. ಸೈಕಲ್ ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದರ ಪಕ್ಕ ಒಂದು ಬರುತ್ತವೆ. ಸುತ್ತು ಮುಚ್ಚಬೇಕಾದರೆ ಒಟ್ಟು ಸಮಸಂಖ್ಯೆ ಇರಬೇಕು. ನನಗೆ ಬೇಕಾದವೆಲ್ಲ ಬೆಸ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: 11 ಬೇಕಾದರೆ 44 ಹಾಕು, ಅದೇ ಮಾದರಿಯನ್ನು ನಾಲ್ಕು ಸಲ ಬರೆ. ಅಷ್ಟು ಸಣ್ಣ ಚೈನು ಹಲ್ಲಿನ ಮೇಲೆ ಹೇಗೂ ಕೂರುತ್ತಿರಲಿಲ್ಲ. ಹೀಗೆ 11ಕ್ಕೆ 44, 13ಕ್ಕೆ 52, 17ಕ್ಕೆ 68, 19ಕ್ಕೆ 76. 23, 29, 31, 37, 41, 43, 47ಕ್ಕೆ ದುಪ್ಪಟ್ಟು. ಹನ್ನೆರಡನೆಯದು 7ರದ್ದು. ಅದನ್ನು 7ರ ಬದಲು 49ರ ಮೇಲೆ ಮಾಡಿದರೆ ಜರಡಿ ಬಿಗಿಯಾಗುತ್ತದೆ, 49ರಲ್ಲಿ 16 ಮಾತ್ರ ಪಾಸು. ಅದಕ್ಕೆ 98 ಕೊಂಡಿ. ಒಟ್ಟು 840. ಗುಜರಿಯಿಂದ ತೂಕದ ಮೇಲೆ ತಂದ ಎಂಟು ಹಳೆ ಚೈನು, ಮೂರು ರಾತ್ರಿ ಡೀಸೆಲ್‌ನಲ್ಲಿ ನೆನೆ ಹಾಕಿ ತೊಳೆದದ್ದು. ಮನೆಯಲ್ಲಿ ಆ ವಾಸನೆಗೆ ಬೈಸಿಕೊಂಡದ್ದು ಬೇರೆ ಕಥೆ.

ಹಲ್ಲಿನ ಚಕ್ರಕ್ಕೆ 18 ಹಲ್ಲಿನ ಫ್ರೀವೀಲ್ ಹನ್ನೆರಡು. ಇಲ್ಲಿ ಒಂದು ದಡ್ಡತನ ಆಯಿತು. ಶಾಫ್ಟಿಗೆ ಹಾಕಿ, ಚೈನು ತೂಗಿ, ಮುಂದಕ್ಕೆ ತಿರುಗಿಸಿದೆ. ಚೆನ್ನಾಗಿ ಓಡಿತು. ಒಂದು ಹಲ್ಲು ಹಿಂದಕ್ಕೆ ತಿರುಗಿಸಿದೆ. ಕಟಕಟ ಎಂದು ಶಾಫ್ಟ್ ಮಾತ್ರ ತಿರುಗಿತು, ಚೈನುಗಳು ಅಲ್ಲೇ ನಿಂತವು. ಫ್ರೀವೀಲ್ ಅಂದಮೇಲೆ ಮತ್ತೇನು ಮಾಡುತ್ತದೆ? ಎಲ್ಲ ಬಿಚ್ಚಿ, ಒಳಗಿನ ಗಾಲಿ ಹೊರಗಿನ ಗಾಲಿ ಸೇರಿಸಿ ಮೂರು ಮೂರು ಟಾಕಿ ವೆಲ್ಡಿಂಗ್ ಹೊಡೆಸಿದೆ.

ಉಬ್ಬಿಗೆ ಮೊದಲು ಕೇಬಲ್ ಟೈ ಕಟ್ಟಿದೆ. ಹಲ್ಲಿಗೆ ಸಿಕ್ಕಿ ಹತ್ತೇ ನಿಮಿಷದಲ್ಲಿ ಮೂರು ತುಂಡಾದವು. ಆಮೇಲೆ ಎಂ-ಸೀಲ್. ಕೊಂಡಿಯ ಹೊರ ಬದಿಯನ್ನು ಪೆಟ್ರೋಲಿನಿಂದ ಒರೆಸಿ, ಮರಳು ಕಾಗದ ಹೊಡೆದು, ಕಡಲೆಕಾಳಿನಷ್ಟು ಉಂಡೆ ಒತ್ತಿದೆ. ಒರೆಸದೆ ಹಚ್ಚಿದವು ಉದುರಿದವು, ಅದು ನನ್ನ ಅವಸರದ ತಪ್ಪು. ಒಟ್ಟು 398 ಉಬ್ಬು. ಅಣ್ಣನ ಮಗಳು ಪಟ್ಟಿ ಓದುತ್ತಿದ್ದಳು, ನಾನು ಒತ್ತುತ್ತಿದ್ದೆ.

ಪಟ್ಟಿ ಹೇಗೆ ಬರುತ್ತದೆ ಅಂತ 11ರ ಚೈನಿನಲ್ಲಿ ತೋರಿಸುತ್ತೇನೆ. ನಮ್ಮ ಸಂಖ್ಯೆಗೆ 11ರಿಂದ ಶೇಷ 6. ನಡುವಿಗೆ ಶೇಷ 0, 2, 3, 8, 9 ಇದ್ದರೆ ಮಾತ್ರ ವರ್ಗ ಉಳಿಯಬಹುದು. ಒಂದು ಹೆಜ್ಜೆ ಅಂದರೆ 48,48,120, ಅದಕ್ಕೆ 11ರಿಂದ ಶೇಷ 2. ಹಾಗಾಗಿ ಕೊಂಡಿಗಳ ಮೇಲೆ ಶೇಷ ಹೀಗೆ ಬರುತ್ತವೆ: 0, 2, 4, 6, 8, 10, 1, 3, 5, 7, 9. ಸೊನ್ನೆಯಿಂದ ಎಣಿಸಿದರೆ ಉಬ್ಬು ಬೀಳುವುದು 0, 1, 4, 7, 10ನೇ ಕೊಂಡಿಗೆ. ಎಂಟು ಓಟಕ್ಕೂ ಉಬ್ಬು ಇವೇ. ಶುರುವಾಗುವ ಕೊಂಡಿ ಮಾತ್ರ ಬೇರೆ. ಇದೊಂದು ಸೌಕರ್ಯ ಇರದಿದ್ದರೆ ಪ್ರತಿ ಓಟಕ್ಕೂ ನಾನೂರು ಉಬ್ಬು ಕೆರೆಯುತ್ತ ಕೂರಬೇಕಿತ್ತು.

ಸ್ವಿಚ್ಚಿನ ವೈರಿಂಗ್ ಲೆಹ್ಮರ್‌ನದೇ ಉಪಾಯ. ಪ್ರತಿ ಚೈನಿಗೆ ಉರುಳೆ ಇರುವ ಒಂದು ಮೈಕ್ರೋ ಸ್ವಿಚ್. ಉಬ್ಬು ಒತ್ತಿದಾಗ ಕರೆಂಟ್ ಕಡಿಯಬೇಕು. ಹನ್ನೆರಡನ್ನೂ ಪ್ಯಾರಲಲ್ ಜೋಡಿಸಿ ರಿಲೇಗೆ (ಮೋಟರಿನ ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚು) ಕೊಟ್ಟೆ. ಒಂದು ಸ್ವಿಚ್ಚಾದರೂ ಮುಚ್ಚಿದ್ದರೆ ಮೋಟರ್ ಓಡುತ್ತದೆ. ಹನ್ನೆರಡೂ ತೆರೆದರೆ ರಿಲೇ ಬಿಡುತ್ತದೆ, ಮೋಟರ್ ನಿಲ್ಲುತ್ತದೆ. ಮೋಟರ್ ಅಂದರೆ ಹಳೆ ವ್ಯಾನಿನ ವೈಪರ್ ಮೋಟರ್. ಅದು ನಿಮಿಷಕ್ಕೆ 41-42 ಸುತ್ತು. ಅದಕ್ಕೆ 18 ಹಲ್ಲು, ಶಾಫ್ಟಿಗೆ ಸೈಕಲ್ಲಿನದೇ 44 ಹಲ್ಲಿನ ದೊಡ್ಡ ಚಕ್ರ. ಶಾಫ್ಟ್ ನಿಮಿಷಕ್ಕೆ 17 ಸುತ್ತಿಗೆ ಇಳಿಯಿತು. ನಿಮಿಷಕ್ಕೆ 306 ಕೊಂಡಿ. ಕರೆಂಟ್ ಕಡಿದರೂ ಮೋಟರ್ ನಾಲ್ಕೈದು ಹಲ್ಲು ಜಾರಿ ಹೋಗುತ್ತಿತ್ತು. ರಿಲೇ ಬಿಟ್ಟಾಗ ಮೋಟರಿನ ಎರಡು ತುದಿ ಶಾರ್ಟ್ ಆಗುವಂತೆ ಮಾಡಿದ ಮೇಲೆ ಒಂದೇ ಹಲ್ಲಿಗೆ ನಿಲ್ಲತೊಡಗಿತು. ಪವರ್ 12 ವೋಲ್ಟ್ ಬ್ಯಾಟರಿಯಿಂದ. ಬ್ಯಾಟರಿ ಇಳಿದರೂ ಭಯವಿಲ್ಲ, ಚೈನು ನಿಂತಲ್ಲೇ ನಿಂತಿರುತ್ತದೆ, ಲೆಕ್ಕ ಮರೆಯುವುದಿಲ್ಲ. ನಮ್ಮ ಕಡೆ ಕರೆಂಟಿನ ಹಣೆಬರಹಕ್ಕೆ ಇದು ಒಳ್ಳೇ ಗುಣ.

ಸುತ್ತು ಎಣಿಸುವ ಮೀಟರ್ ಕೊಟ್ಟದ್ದು ಪಕ್ಕದ ಓಣಿಯ ಅಜ್ಜ. ನಲವತ್ತು ವರ್ಷ ಮಗ್ಗ ನಡೆಸಿದವರು. ಹಳೆ ಪವರ್‌ಲೂಮಿನಿಂದ ಬಿಚ್ಚಿಟ್ಟ ಮೀಟರ್ ತಂದು ಕೊಟ್ಟು, ಯಂತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಇದು ಡಾಬಿ ಅಲ್ಲೇನೋ ತಮ್ಮಾ? ಗೂಟ ಇದ್ದಲ್ಲಿ ಎಳಿ ಏಳತೈತಿ, ಇಲ್ದಲ್ಲಿ ಇಲ್ಲ. ನಿಂದೂ ಹಂಗ ಐತಿ."

ನಿಜ. ಸೀರೆ ಅಂಚಿನ ಚಿತ್ತಾರ ನೇಯುವ ಡಾಬಿಯಲ್ಲೂ ಸರಪಳಿಯಂತೆ ಸುತ್ತುವ ಪಟ್ಟಿಗಳು, ಅವುಗಳಲ್ಲಿ ಗೂಟಗಳು. ನಾನು ಅಮೆರಿಕದಿಂದ ತಂದ ಉಪಾಯ ಅಂದುಕೊಂಡಿದ್ದು ಬೆಟಗೇರಿಯ ಮಗ್ಗದ ಮೇಲೆ ಎಷ್ಟೋ ವರ್ಷದಿಂದ ಸುತ್ತುತ್ತಿತ್ತು.

ಮೀಟರ್ ಶಾಫ್ಟಿನ ಸುತ್ತು ಎಣಿಸುತ್ತದೆ. 18 ಹಲ್ಲಿಗೂ ಬಿಳಿ ಬಣ್ಣದಲ್ಲಿ 0ರಿಂದ 17 ಬರೆದೆ. ಸುತ್ತನ್ನು 18ರಿಂದ ಗುಣಿಸಿ ಹಲ್ಲು ಕೂಡಿಸಿದರೆ ಹೆಜ್ಜೆ ಸಿಗುತ್ತದೆ.

ಓಟಗಳು

ಮೊದಲ ಓಟ ಒಂದು ಭಾನುವಾರ. 80,000 ಹೆಜ್ಜೆ, 4444 ಸುತ್ತು ಮತ್ತು 8 ಹಲ್ಲು, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಹನ್ನೆರಡು ಜರಡಿ ದಾಟಿ ಸುಮ್ಮನೆ ಅದೃಷ್ಟದಿಂದ ಬರುವವು ಓಟಕ್ಕೆ ಸುಮಾರು 11 ಎಂದು ಮೊದಲೇ ಲೆಕ್ಕ ಹಾಕಿದ್ದೆವು. 9 ಸಲ ನಿಂತಿತು. ಪ್ರತಿ ಸಲ ನಿಂತಾಗ ಒಂದು ಹಲ್ಲು ಹಿಂದಕ್ಕೆ ತಿರುಗಿಸಿ, ಮೀಟರ್ ಓದಿ, ನಡು ಲೆಕ್ಕ ಹಾಕಿ, ಫೋನಿನಲ್ಲಿ ಪೈಥಾನ್ ಪ್ರೋಗ್ರಾಮಿಗೆ ಕೊಟ್ಟು ವರ್ಗ ಹೌದೋ ಅಲ್ಲವೋ ನೋಡಬೇಕು. ಒಂಬತ್ತೂ ಸುಳ್ಳು ಕರೆ. ಎರಡನೇ ಭಾನುವಾರ 13 ಸಲ ನಿಂತಿತು. ಹದಿಮೂರೂ ಸುಳ್ಳು.

(ಆ ಫೋನಿಗೇ ಎಂಟೂ ಓಟದ ಲೆಕ್ಕ ಕೊಟ್ಟರೆ ಚಹಾ ಆರುವ ಮೊದಲೇ ಉತ್ತರ ಕೊಡುತ್ತದೆ. ಅಣ್ಣನ ಮಗಳು ಕೊಟ್ಟು ತೋರಿಸಿಯೂ ಬಿಟ್ಟಳು. ಅದರ ಬಗ್ಗೆ ನಾನು ಮಾತಾಡುವುದಿಲ್ಲ.)

ಮೂರನೇ ಭಾನುವಾರ ನಾನು ಕಾಯುತ್ತಿದ್ದ ಓಟ: 27ರಿಂದ ಶೇಷ 19, 5ರಿಂದ ಶೇಷ 4. ಶುರು 12151620424ರಿಂದ. ಕೋಲ್‌ನ ಉತ್ತರ ಸರಿ ಇದ್ದರೆ ಯಂತ್ರ 76,084ನೇ ಹೆಜ್ಜೆಗೆ ನಿಲ್ಲಬೇಕು. ಮೀಟರಿನಲ್ಲಿ 4226, ಹಲ್ಲು 16. ಮಧ್ಯಾಹ್ನ ಊಟಕ್ಕೆ ಹೋಗುವಾಗ ಅಜ್ಜನನ್ನು ಕೂರಿಸಿ ಹೋದೆ. ಬಂದು ನೋಡಿದಾಗ 3900 ದಾಟಿತ್ತು. 4200 ಆಯಿತು. 4220. ಉಸಿರು ಹಿಡಿದು ನಿಂತೆ.

4226 ಬಂತು. ಹೋಯಿತು. 4227, 4228.

ಯಂತ್ರ ನಿಲ್ಲಲೇ ಇಲ್ಲ.

ಆ ಹೊತ್ತಿಗೆ ಒಂದು ವಿಷಯ ಸರಿಯಾಗಿ ತಲೆಗೆ ಇಳಿಯಿತು. ಈ ಯಂತ್ರ ಎರಡು ಥರ ತಪ್ಪು ಮಾಡಬಹುದು. ನಿಲ್ಲಬಾರದಲ್ಲಿ ನಿಂತರೆ ಎರಡು ನಿಮಿಷ ಹಾಳು, ಅಷ್ಟೇ. ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ ಎಂಟೂ ಓಟ ವ್ಯರ್ಥ, ಮತ್ತು ಅದು ಗೊತ್ತಾಗುವುದೂ ಇಲ್ಲ. ಉತ್ತರ ಮೊದಲೇ ಗೊತ್ತಿದ್ದದ್ದಕ್ಕೆ ಸಿಕ್ಕಿಬಿತ್ತು. ಹೊಸ ಸಂಖ್ಯೆ ಆಗಿದ್ದರೆ "ಇಲ್ಲಿ ಏನೂ ಇಲ್ಲ" ಎಂದು ಬರೆದು ಮುಂದೆ ಹೋಗಿಬಿಡುತ್ತಿದ್ದೆ. ಹಿಂದಿನ ಎರಡು ಭಾನುವಾರದ ಓಟಗಳ ಮೇಲೂ ಈಗ ನಂಬಿಕೆ ಹೋಯಿತು.

80,000ಕ್ಕೆ ನಿಲ್ಲಿಸಿ ಒಂದೊಂದೇ ಚೈನು ನೋಡುತ್ತ ಬಂದೆ. 13 ಸರಿ. 17 ಸರಿ. 49, 47 ಎಲ್ಲ ಸರಿ. 11ರ ಚೈನು ಈ ಓಟದಲ್ಲಿ 10ನೇ ಕೊಂಡಿಯಿಂದ ಶುರುವಾಗಿತ್ತು. 80,000ವನ್ನು 11ರಿಂದ ಭಾಗಿಸಿದರೆ ಶೇಷ 8. 10ಕ್ಕೆ 8 ಸೇರಿ 18, ಅದರಲ್ಲಿ 11 ಹೋದರೆ 7. ಮೇಲೆ 7ನೇ ಕೊಂಡಿ ಇರಬೇಕು. ಇದ್ದದ್ದು 6ನೇದು. ಅಂದರೆ ಓಟದ ನಡುವೆ ಎಲ್ಲೋ ಚೈನು ಒಂದು ಹಲ್ಲು ಹಾರಿತ್ತು. 76,084ಕ್ಕೂ ಶೇಷ 8ನೇ, ಅಲ್ಲೂ 7ರ ಬದಲು 6 ಬಂದಿರಬೇಕು. 7ನೇ ಕೊಂಡಿಗೆ ಉಬ್ಬು ಇದೆ, 6ಕ್ಕೆ ಇಲ್ಲ. ಆ ಒಂದು ಸ್ವಿಚ್ ಮುಚ್ಚಿಯೇ ಇತ್ತು, ಮೋಟರ್ ಓಡಿಬಿಟ್ಟಿತು.

"ನೀ ಊಟಕ್ಕ ಹೋದಾಗ ಒಂದ್ಸಲ ಕಟ್ ಅಂತ ಸಪ್ಪಳ ಬಂತು," ಅಂದರು ಅಜ್ಜ. "ಆ ಸಣ್ಣ ಚೈನಿಂದ. ಅದು ಹಗುರ ಐತಿ, ಹಲ್ಲು ಕಚ್ಚಂಗಿಲ್ಲ. ಭಾರ ಕಟ್ಟು."

"ಆವಾಗ ಯಾಕ ಹೇಳ್ಲಿಲ್ರೀ ಅಜ್ಜಾ?"

"ನೀ ನನಗ ಮೀಟರ್ ನೋಡಂದಿದ್ದಿ."

ಅಜ್ಜ ಹೇಳಿದ್ದು ಸರಿ. 44 ಕೊಂಡಿಯ ಚೈನಿನಲ್ಲಿ 9 ಕೊಂಡಿ ಹಲ್ಲಿನ ಮೇಲೆ ಹೋದರೆ ಎರಡೂ ಕಡೆ ಹದಿನೇಳು ಚಿಲ್ಲರೆ ಕೊಂಡಿ ತೂಗುತ್ತವೆ, ಸುಮಾರು ಒಂದು ಗೇಣು. ಹಳೆ ಚೈನು ಬೇರೆ, ಎಳೆದು ಸಡಿಲಾಗಿದೆ. ಉಬ್ಬು ಉರುಳೆಗೆ ತಾಗಿ ಎತ್ತಿದಾಗ ಕೆಳಗೆ ಎಳೆದು ಹಿಡಿಯಲು ತೂಕವೇ ಇಲ್ಲ. ಮೊದಲು ನಟ್ಟುಗಳ ಗೊಂಚಲು ಕಟ್ಟಿದೆ. ಅದು ಜೋಲಿ ಹೊಡೆದು ಪಕ್ಕದ 13ರ ಚೈನಿಗೆ ಬಡಿಯತೊಡಗಿತು. ತೆಗೆದು ಹಾಕಿದೆ. ಕೊನೆಗೆ ಮಾಡಿದ್ದು ತೀರಾ ಸುಲಭದ ಕೆಲಸ. 44ರ ಬದಲು 88 ಕೊಂಡಿ. ಚೈನು ತನ್ನ ಭಾರಕ್ಕೆ ತಾನೇ ಬಿಗಿಯಾಯಿತು. 20 ಉಬ್ಬು ಜಾಸ್ತಿ ಒತ್ತಬೇಕಾಯಿತು, ಒಟ್ಟು 418. 23ರ 46 ಕೊಂಡಿಯ ಚೈನಿಗೂ ಇದೇ ಭಯ ಇತ್ತು. ಆದರೆ ಅದು ಒಮ್ಮೆಯೂ ಹಾರಿರಲಿಲ್ಲ, ಹಾಗೇ ಬಿಟ್ಟೆ. ಇದು ಸರಿಯಾದ ನಿರ್ಧಾರ ಅಲ್ಲ ಅಂತ ನನಗೂ ಗೊತ್ತು. ಎಂ-ಸೀಲ್ ಖಾಲಿಯಾಗಿತ್ತು.

ಅದರ ಬದಲು ಒಂದು ಪದ್ಧತಿ ಹಾಕಿಕೊಂಡೆ. ಪ್ರತಿ ಸಾವಿರ ಸುತ್ತಿಗೆ ನಿಲ್ಲಿಸುವುದು, ಹನ್ನೆರಡು ಚೈನಿನ ಮೇಲಿನ ಕೊಂಡಿ ಓದುವುದು, ಪುಸ್ತಕದಲ್ಲಿ ಬರೆದಿಟ್ಟ ಶೇಷಕ್ಕೆ ತಾಳೆ ನೋಡುವುದು. ಒಂದು ತಪ್ಪಿದರೂ ಹಿಂದಿನ ಸಾವಿರದಿಂದ ಮತ್ತೆ ಓಡಿಸುವುದು. ಇದು ಮೊದಲ ದಿನವೇ ಇರಬೇಕಿತ್ತು.

ನಾಲ್ಕನೇ ಭಾನುವಾರ

ಬೆಳಿಗ್ಗೆ ಎಂಟಕ್ಕೆ ಅದೇ ಓಟ ಮತ್ತೆ ಶುರು. 1000, 2000, 3000, 4000, ನಾಲ್ಕೂ ತಾಳೆ ಸರಿ. ಅಲ್ಲಿಯವರೆಗೆ 8 ಸುಳ್ಳು ಕರೆ. ಅಣ್ಣನ ಮಗಳು ಗಿರ್ಮಿಟ್ ತಿನ್ನುತ್ತ ಕೂತಿದ್ದಳು, ಅಜ್ಜ ಈ ಸಲ ಮೀಟರ್ ಬಿಟ್ಟು ಚೈನಿನ ಸಪ್ಪಳ ಕೇಳುತ್ತ ಕೂತಿದ್ದರು.

ಒಂದೂವರೆ ಹೊತ್ತಿಗೆ ಟಕ್ ಎಂದು ರಿಲೇ ಬಿಟ್ಟಿತು. ಮೀಟರ್ 4226, ಹಲ್ಲು 17. ಕೈಯಿಂದ ಒಂದು ಹಲ್ಲು ಹಿಂದಕ್ಕೆ, 16. ಹನ್ನೆರಡು ಉರುಳೆಯೂ ಉಬ್ಬಿನ ಮೇಲೆ ಕೂತಿದ್ದವು. ನಾನು ಟಾರ್ಚ್ ಹಿಡಿದು ಎರಡು ಸಲ ನೋಡಿದೆ.

ಫೋನು ಬೇಡ, ಕಾಗದದ ಮೇಲೆ ಮಾಡೋಣ ಅಂದಳು. 48,48,120ನ್ನು 76,084ರಿಂದ ಗುಣಿಸಿ, 12151620424 ಕೂಡಿಸಿದಳು: ನಡು 381015982504. ಅದರ ವರ್ಗದಲ್ಲಿ ಗೋಡೆಯ ಸಂಖ್ಯೆ ಕಳೆದು ವರ್ಗಮೂಲ ತೆಗೆಯಲು ಮಾತ್ರ ಫೋನ್ ಹಿಡಿದಳು. ದೂರ 380822274783, ಚಿಲ್ಲರೆ ಇಲ್ಲ. ಕಳೆದರೆ 193707721. ಕೂಡಿಸಿದರೆ 761838257287. ಗೋಡೆಯ ಸಂಖ್ಯೆಯ ಕೆಳಗೆ ಎರಡನ್ನೂ ಬರೆದು ಗುಣಿಸಲು ನಿಂತಳು. ಅರ್ಧ ಗಂಟೆ, ಮಧ್ಯೆ ಒಂದು ಕಡೆ ದಶಕ ತಪ್ಪಿ ಮತ್ತೆ ಅಳಿಸಿ ಬರೆದಳು. ಕೋಲ್‌ನಂತೆ ಮೌನವಾಗಿಯಂತೂ ಅಲ್ಲ, ಬಾಯಲ್ಲಿ ಮಗ್ಗಿ ಓಡುತ್ತಲೇ ಇತ್ತು. ಕೊನೆಯ ಸಾಲು 147573952589676412927.

"ಇಷ್ಟ್ ದಿನಾ ನೇಯ್ದು ಎರಡು ಎಳಿ ತಗದ್ಯಲ್ಲ ತಮ್ಮಾ," ಅಂದರು ಅಜ್ಜ.

ಉಳಿದ ಐದು ಓಟ ಓಡಿಸಿಲ್ಲ. ಲೆಹ್ಮರ್ 1932ರಲ್ಲಿ ಚೈನು ಬಿಟ್ಟು ಹಲ್ಲುಚಕ್ರ, ಬೆಳಕಿನ ಕಿರಣ ಬಳಸಿ ಇನ್ನೊಂದು ಯಂತ್ರ ಮಾಡಿದ. ಅದು 1537228672093301419 ಎಂಬ ಸಂಖ್ಯೆಯನ್ನು 529510939 ಮತ್ತು 2903110321 ಎಂದು ಒಡೆಯಿತು. ಆ ಸಂಖ್ಯೆ ನನ್ನ ಚೈನಿಗೆ ಹಾಕಬೇಕಾದರೆ 418 ಉಬ್ಬನ್ನೂ ಕೆರೆದು ಹೊಸ ಪಟ್ಟಿಯಂತೆ ಒತ್ತಬೇಕು. ಕೆರೆಯಲು 13ರ ಚೈನಿನಿಂದ ಶುರು ಮಾಡಿದ್ದೇನೆ. ವೈಪರ್ ಮೋಟರ್ ಸದ್ಯಕ್ಕೆ ಅದರಲ್ಲಿ ಇಲ್ಲ. ಮಳೆಗಾಲ ಬಂತು, ಗೂಡ್ಸ್ ಗಾಡಿಯವರೊಬ್ಬರಿಗೆ ತುರ್ತಾಗಿ ಬೇಕಿತ್ತು, ಬಿಚ್ಚಿ ಕೊಟ್ಟೆ.